ಬೆಂಕಿ ಆರಿಸುವ ವಿದ್ಯೆ: ಬಿಂದಿಗೆ ಸಾಲಿನಿಂದ ಜಲವಾಹನದವರೆಗೆ

ಸೋಂಪುರ ಹೋಬಳಿಯಲ್ಲಿ ಹುಟ್ಟಿ ಬೆಳೆದವರಿಗೆ ಬಣವೆಗೆ ಬೆಂಕಿ ಬೀಳುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದು, ರಾಗಿ ಹುಲ್ಲು ಒಟ್ಟಿ, ದನಕರುಗಳಿಗೆ ವರ್ಷದ ಮೇವಾಯಿತು ಎಂದು ಮನೆಯವರು ನೆಮ್ಮದಿಯಿಂದ ಕೂರುವ ಹೊತ್ತಿಗೆ ಎಲ್ಲಿಂದಲೋ ಒಂದು ಕಿಡಿ ಹಾರುತ್ತಿತ್ತು. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಬೀದಿಯ ಕೊನೆಯ ಕಣದಲ್ಲಿ ಒಂದು ಸಂಜೆ ಹೀಗಾಯಿತು. ಕೂಗು ಕೇಳಿದ್ದೇ ತಡ, ಹೆಂಗಸರು ಬಾವಿಯಿಂದ ಕಣದವರೆಗೆ ಸಾಲು ನಿಂತರು. ಕೈಯಿಂದ ಕೈಗೆ ಬಿಂದಿಗೆ ಹರಿಯಿತು. ಹುಡುಗರು ನೆನೆಸಿದ ಗೋಣಿತಾಟು ಹಿಡಿದು ಪಕ್ಕದ ಬಣವೆ ಹತ್ತಿದರು. ನಾಲ್ಕೈದು ಜನ ಗಳ ಹಾಕಿ ಹತ್ತಿರದ ಕೊಟ್ಟಿಗೆಯ ಸೋಗೆ ಮಾಡನ್ನು ಕಿತ್ತೆಸೆದರು. ಊರಿನ ಹಿರಿಯರೊಬ್ಬರು ನಡುವೆ ನಿಂತು ಕೂಗುತ್ತಿದ್ದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಉರಿಯೋದನ್ನ ಬಿಡ್ರೋ, ಪಕ್ಕದ್ದನ್ನ ಉಳಿಸ್ಕೊಳ್ರೋ!"

ಆ ಬಣವೆ ಉಳಿಯಲಿಲ್ಲ, ಬೀದಿ ಉಳಿಯಿತು.

ಮುಂದೆ ನಾನು ವಿಜ್ಞಾನದ ಮೇಷ್ಟ್ರಾದೆ. ಉರಿಯುವ ವಸ್ತು, ಶಾಖ, ಆಮ್ಲಜನಕ ಎಂಬ ಮೂರು ಸೇರಿದರೆ ಬೆಂಕಿ, ಒಂದನ್ನು ಕಿತ್ತರೆ ಬೆಂಕಿಯಿಲ್ಲ ಎಂದು ಹಲಗೆಯ ಮೇಲೆ ತ್ರಿಕೋನ ಬರೆದು ಹೇಳುವಾಗಲೆಲ್ಲ ಆ ಸಂಜೆ ನೆನಪಾಗುತ್ತಿತ್ತು. ನೀರೆರಚಿದ್ದು ತಣಿಸುವ ಕೆಲಸ. ಗೋಣಿತಾಟು ಹೊದಿಸಿದ್ದು ಉಸಿರುಗಟ್ಟಿಸುವ ಕೆಲಸ. ಸೋಗೆ ಕಿತ್ತದ್ದು ಬೆಂಕಿಯನ್ನು ಉಪವಾಸ ಕೆಡವುವ ಕೆಲಸ. ಅಗ್ನಿಶಾಮಕ ತರಬೇತಿಯ ಮೊದಲ ಪಾಠದ ಮೂರು ವಿಧಾನಗಳೂ ಇವೇ. ನಮ್ಮ ಹಿರಿಯರು ಇವನ್ನು ಪುಸ್ತಕದಿಂದ ಕಲಿಯಲಿಲ್ಲ, ಸುಟ್ಟುಕೊಂಡು ಕಲಿತರು. ಮುಂದಿನವರು ಸುಟ್ಟುಕೊಳ್ಳದೆ ಕಲಿಯಲಿ ಎಂದೇ ಈ ವಿದ್ಯೆಗೂ ಶಾಲೆಗಳು ಹುಟ್ಟಿದವು. ಆ ಶಾಲೆಗಳ ಕಥೆ ನಮ್ಮ ಹೋಬಳಿಯ ಮಕ್ಕಳಿಗೆ ತಿಳಿದಿರಲಿ ಎಂದು ಈ ಲೇಖನ.

ದಳ ಇಲಾಖೆಯಾದದ್ದು

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, 1964ರಲ್ಲಿ, ಅಗ್ನಿಶಾಮಕ ದಳದ ಕಾಯ್ದೆ ಬಂತು. 1965ರ ನವೆಂಬರ್ 5ರಿಂದ ಅಗ್ನಿಶಾಮಕ ಸೇವೆ ತನ್ನದೇ ಕಾಲ ಮೇಲೆ ನಿಂತ ಇಲಾಖೆಯಾಯಿತು. ಇಂದು ಅದು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಹೆಸರಿಗೆ ಸೇರಿದ "ತುರ್ತು ಸೇವೆ" ಎಂಬ ಮಾತಿನಲ್ಲಿ ಕೆಲಸದ ವಿಸ್ತಾರವೇ ಇದೆ. ಕೆರೆಯಲ್ಲಿ ಮುಳುಗಿದವರು, ಕುಸಿದ ಕಟ್ಟಡದಡಿ ಸಿಕ್ಕಿದವರು, ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ವಾಹನದೊಳಗಿನವರು, ಪಾಳುಬಾವಿಗೆ ಬಿದ್ದ ಹಸು, ಎಲ್ಲಕ್ಕೂ ಕರೆ ಹೋಗುವುದು ಇವರಿಗೇ.

ಈ ಇಲಾಖೆಗೆ ಸೇರಿದವರು ಪಳಗುವ ಜಾಗ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿ. ದೇಶದ ಮಟ್ಟದಲ್ಲಿ ಇರುವುದು ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ಅದು 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಶುರುವಾಗಿ ಮರುವರ್ಷವೇ ನಾಗಪುರಕ್ಕೆ ಬಂತು. ಸಬ್ ಆಫೀಸರ್ ತರಬೇತಿಯಿಂದ ಹಿಡಿದು ಅಗ್ನಿಶಾಮಕ ಇಂಜಿನಿಯರಿಂಗ್ ಪದವಿಯವರೆಗೆ ಅಲ್ಲಿ ಕಲಿಸುತ್ತಾರೆ. ದೇಶದ ಮೊದಲ ಮಹಿಳಾ ಅಗ್ನಿಶಾಮಕ ಅಧಿಕಾರಿ ಎಂದು ಹೆಸರಾದ ಹರ್ಷಿಣಿ ಕನ್ಹೇಕರ್ ಆ ಕಾಲೇಜಿನ ಪದವಿ ತರಗತಿಗೆ ಸೇರಿದ್ದು 2002ರಲ್ಲಿ. ಅಲ್ಲಿಯವರೆಗೆ ಗಂಡುಹುಡುಗರೇ ತುಂಬಿದ್ದ ಅಂಗಳ ಅದು. ಬಾವಿಯಿಂದ ಕಣದವರೆಗೆ ಸಾಲು ನಿಂತ ನಮ್ಮೂರ ತಾಯಂದಿರನ್ನು ಕಂಡ ನನಗೆ, ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದದ್ದು ಹೊಸದೆಂದು ಅನ್ನಿಸುವುದೇ ಇಲ್ಲ.

ಬೊಂಬಾಯಿ ಬಂದರು ಕಲಿಸಿದ್ದು

ಪ್ರತಿವರ್ಷ ಏಪ್ರಿಲ್ 14ರಂದು ದೇಶದ ಎಲ್ಲ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರನ್ನು ನೆನೆಯುತ್ತಾರೆ. ಅಂದಿನಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಇದರ ಹಿಂದಿರುವುದು 1944ರ ಏಪ್ರಿಲ್ 14ರ ಬೊಂಬಾಯಿ ಬಂದರು ದುರಂತ. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಹತ್ತಿಯ ಬೇಲುಗಳೂ ಇದ್ದವು, ಯುದ್ಧಕ್ಕೆಂದು ತಂದ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಮಧ್ಯಾಹ್ನ ಹೊಗೆ ಕಾಣಿಸಿತು. ದಳದವರು ಬಂದು ಹಡಗಿನ ಹೊಟ್ಟೆಗೆ ನೀರು ಹಾಯಿಸಿದರು. ಸಂಜೆ ನಾಲ್ಕು ಗಂಟೆ ಕಳೆದ ಕೆಲವೇ ನಿಮಿಷಕ್ಕೆ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಮರಳಲಿಲ್ಲ.

ಆ 66 ಜನರಲ್ಲಿ ಧೈರ್ಯ ಕಡಿಮೆಯಿತ್ತೇ? ಖಂಡಿತ ಇರಲಿಲ್ಲ. ಧೈರ್ಯ ಎಷ್ಟಿದ್ದರೂ ಉರಿಯುತ್ತಿರುವುದು ಏನು, ಅದರ ಪಕ್ಕದಲ್ಲಿರುವುದು ಏನು ಎಂಬುದು ಗೊತ್ತಿರಬೇಕು. ನಮ್ಮೂರ ಹಿರಿಯರ "ಪಕ್ಕದ್ದನ್ನ ಉಳಿಸ್ಕೊಳ್ರೋ" ಎಂಬ ಮಾತನ್ನು ಅಲ್ಲಿ ಎಷ್ಟು ದೊಡ್ಡ ಬೆಲೆಗೆ ಮತ್ತೆ ಕಲಿಯಬೇಕಾಯಿತು! ಅಂದಿನಿಂದ ಇಂದಿನವರೆಗೆ ಈ ವಿದ್ಯೆಯ ಪಠ್ಯದಲ್ಲಿರುವ ಬಹುತೇಕ ಪಾಠಗಳ ಹಿಂದೆ ಯಾರದೋ ಸಾವಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿದಾಗ 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 62 ಜನ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ. ಅಲ್ಲಿ ಜನರನ್ನು ಕಿಟಕಿಯಾಚೆಗೆ ಅಟ್ಟಿದ್ದು ಹೊಗೆ. ಜ್ವಾಲೆಗಿಂತ ಹೊಗೆ ಮೊದಲು ಕೊಲ್ಲುತ್ತದೆ ಎಂಬ ಪಾಠವನ್ನು ನಮ್ಮ ನಗರ ಕಣ್ಣಾರೆ ಕಂಡಿತು.

ಅಂಗಳದ ಪಾಠ

ಅಗ್ನಿಶಾಮಕನಾಗಲು ಹೊರಟ ಹುಡುಗನಿಗೆ ಮೊದಲು ಕಲಿಸುವುದು ಬೆಂಕಿಯೊಳಗೆ ನುಗ್ಗುವುದನ್ನಲ್ಲ. ಕವಾಯತು, ಓಟ, ಹಗ್ಗದ ಗಂಟು, ಏಣಿ, ಹೋಸ್. ಸುತ್ತಿಟ್ಟ ಹೋಸನ್ನು ಒಂದೇ ಬೀಸಿಗೆ ಬಿಡಿಸಿ ಓಡಬೇಕು, ತುದಿಗೆ ನೀರು ಚಿಮ್ಮಿಸುವ ಮೂತಿಯನ್ನು, ಅಂದರೆ ಬ್ರಾಂಚ್ ಅನ್ನು, ಜೋಡಿಸಬೇಕು, ನೀರು ಬಿಡಲು ಸನ್ನೆ ಕೊಡಬೇಕು. ಇದನ್ನು ನೂರಾರು ಸಲ ಮಾಡಿಸುತ್ತಾರೆ. ನೋಡುವವರಿಗೆ ಇಷ್ಟೇನಾ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ: 63 ಮಿ.ಮೀ. ವ್ಯಾಸ, 15 ಮೀಟರ್ ಉದ್ದದ ಒಂದು ಹೋಸಿನೊಳಗೆ ತುಂಬುವ ನೀರೇ 45 ಕಿಲೋ ದಾಟುತ್ತದೆ. ಒತ್ತಡದ ನೀರು ಮುಂದಕ್ಕೆ ಚಿಮ್ಮುವಾಗ ಬ್ರಾಂಚ್ ಹಿಡಿದವನನ್ನು ಹಿಂದಕ್ಕೆ ನೂಕುತ್ತದೆ. ಕಾಲೂರುವುದು ತಿಳಿಯದವನ ಕೈಯಿಂದ ಜಾರಿದರೆ ಅದು ಹಾವಿನಂತೆ ಹೊರಳಿ ಪಕ್ಕದವನ ತಲೆ ಒಡೆಯುತ್ತದೆ. ಕಣ್ಣು ಕಾಣದ ಕತ್ತಲೆಯಲ್ಲಿ, ಹೊಗೆಯಲ್ಲಿ, ಗಾಬರಿಯಲ್ಲಿ ಬೆರಳುಗಳೇ ದಾರಿ ಹುಡುಕಿಕೊಳ್ಳಬೇಕು. ಅದಕ್ಕೇ ಆ ನೂರು ಸಲ.

ಆಮೇಲೆ ಉಸಿರಾಟದ ಸಾಧನ, ದಳದವರ ಬಾಯಲ್ಲಿ ಬಿ.ಎ. ಸೆಟ್. 6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ ಅದು 45 ನಿಮಿಷಕ್ಕೆ ಸಾಕು. ಭಾರ ಹೊತ್ತು ಏದುಸಿರು ಬಿಡುವವನಿಗೆ ಅಷ್ಟು ಹೊತ್ತು ಬರುವುದಿಲ್ಲ. ಒಳಗೆ ಹೋದಷ್ಟೇ ಗಾಳಿ ಹೊರಗೆ ಬರಲೂ ಬೇಕು ಎಂಬ ಲೆಕ್ಕವನ್ನು ಮರೆಯದಂತೆ ಮನಸ್ಸನ್ನು ತಿದ್ದುವುದೇ ಈ ತರಬೇತಿಯ ಕಷ್ಟದ ಭಾಗ. ಒಬ್ಬನೇ ಒಳಹೋಗಬಾರದು, ಜೊತೆಗಾರನನ್ನು ಬಿಟ್ಟು ಬರಬಾರದು ಎಂಬ ನಿಯಮವೂ ಇದರೊಂದಿಗೇ ಮೈಗೂಡುತ್ತದೆ.

ಪಂಪಿನ ಪಾಠ ನಮ್ಮ ಸೀಮೆಗೆ ತುಂಬ ಬೇಕಾದದ್ದು. ಪಂಪು ನೀರನ್ನು ಹೀರುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ಲೆಕ್ಕದ ಪ್ರಕಾರ ಸುಮಾರು 10.3 ಮೀಟರ್ ಆದರೂ ಬಳಕೆಯಲ್ಲಿ 7-8 ಮೀಟರ್ ಆಳ ದಾಟಿದರೆ ಆಗುವುದಿಲ್ಲ. ನಮ್ಮಂಥ ಎತ್ತರದ ನೆಲದಲ್ಲಿ ಇನ್ನೂ ಕಡಿಮೆ. ತೆರೆದ ಬಾವಿಗಳು ಬತ್ತಿ, ನೀರು ಕೊಳವೆಬಾವಿಯ ಪಾತಾಳ ಸೇರಿರುವ ನಮ್ಮಲ್ಲಿ ಜಲವಾಹನ ಖಾಲಿಯಾದರೆ ಮತ್ತೆ ತುಂಬಿಸುವುದು ಎಲ್ಲಿಂದ? ಕೆರೆಯಿಂದ. ಕೆರೆಯ ಹೂಳೆತ್ತುವುದು, ಏರಿಯ ಮೇಲೆ ವಾಹನ ಹೋಗುವಷ್ಟು ದಾರಿ ಬಿಡುವುದು ಕೂಡ ಬೆಂಕಿ ಆರಿಸುವ ಕೆಲಸವೇ.

ರಾಗಿ ಹೊಲದಲ್ಲಿ ಕಾರ್ಖಾನೆ

ಶಿವಗಂಗೆ ಬೆಟ್ಟದ ಮೇಲೆ ನಿಂತು ನೋಡಿದರೆ ನಮ್ಮ ಹೋಬಳಿಯ ಬದಲಾವಣೆ ಒಂದೇ ನೋಟಕ್ಕೆ ಕಾಣುತ್ತದೆ. ರಾಗಿ, ಅವರೆ, ಹುರುಳಿ ಬೆಳೆದ ಹೊಲಗಳಿದ್ದ ಕಡೆ ಸೋಂಪುರ ಕೈಗಾರಿಕಾ ಪ್ರದೇಶದ ತಗಡಿನ ಚಾವಣಿಗಳು, ಗೋದಾಮುಗಳು. ಡಾಬಸ್‌ಪೇಟೆಯಲ್ಲಿ ಎರಡು ದಾರಿಗಳು ಕೂಡುತ್ತವೆ. ಒಂದು ಬೆಂಗಳೂರು-ತುಮಕೂರು ಹೆದ್ದಾರಿ, ಇನ್ನೊಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುತ್ತ ಹೋಗುವ ಹೆದ್ದಾರಿ. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳ ಸರಕು ಈ ಕೂಡುರಸ್ತೆಯಲ್ಲಿ ಹಾಯುತ್ತದೆ.

ಬೆಂಕಿಯ ಜಾತಿಯೂ ಬದಲಾಯಿತು. ರಾಗಿ ಹುಲ್ಲಿನ ಬೆಂಕಿಗೆ ನೀರು ಮದ್ದು. ಉರಿಯುವ ಎಣ್ಣೆಗೆ ನೀರು ಹುಯ್ದರೆ ಎಣ್ಣೆ ಮೇಲೆ ತೇಲಿ ಬೆಂಕಿ ಊರೆಲ್ಲ ಹರಡುತ್ತದೆ, ಅದಕ್ಕೆ ನೊರೆ ಬೇಕು. ವಿದ್ಯುತ್ತಿನ ಬೆಂಕಿಗೆ ನೀರು ಹಾಕಿದವನಿಗೇ ಅಪಾಯ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂತು ಕಿಡಿಗಾಗಿ ಕಾಯುತ್ತದೆ. ನಮ್ಮ ಹೆದ್ದಾರಿಯಲ್ಲಿ ದಿನವೂ ಹೋಗುವ ಟ್ಯಾಂಕರುಗಳ ಬೆನ್ನಿನ ಮೇಲೊಂದು ಫಲಕವಿರುತ್ತದೆ. ಅದರಲ್ಲಿ 1203 ಎಂದಿದ್ದರೆ ಪೆಟ್ರೋಲ್, 1075 ಎಂದಿದ್ದರೆ ಅಡುಗೆ ಅನಿಲ. ನನ್ನ ತರಗತಿಯ ಮಕ್ಕಳಿಗೆ ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಟ್ಯಾಂಕರ್ ಮಗುಚಿದ ಕಡೆ ಕೊಡ ಹಿಡಿದು ಓಡುವ ನಮ್ಮ ಜನರ ಅಭ್ಯಾಸ ಕಂಡಾಗಲೆಲ್ಲ ಬೊಂಬಾಯಿಯ ಆ ಹಡಗು ನೆನಪಾಗುತ್ತದೆ. ಒಳಗಿರುವುದು ಏನೆಂದು ಓದಬಲ್ಲವರು ಉಳಿಯುತ್ತಾರೆ, ಉಳಿದವರನ್ನೂ ಉಳಿಸುತ್ತಾರೆ.

ಪಾಳುಬಾವಿಯ ಮಾತೂ ಹೀಗೇ. ಬಾವಿಗೆ ಇಳಿದವನು ಕುಸಿದರೆ, ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು. ಕೆಳಗೆ ಮಡುಗಟ್ಟಿದ ವಿಷಗಾಳಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಪ್ರೀತಿಯಿಂದ ಇಳಿದವರು ಸಾಯುತ್ತಾರೆ, ತರಬೇತಾದವನು ಗಾಳಿ ಪರೀಕ್ಷಿಸದೆ ಇಳಿಯುವುದಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಅರಿತ ಒಂದೇ ಮಾತು ಇದು: ಕಾಪಾಡುವ ಮನಸ್ಸು ನಮ್ಮ ಜನರಿಗೆ ಹುಟ್ಟಿನಿಂದಲೇ ಇದೆ, ಕಾಪಾಡುವ ವಿದ್ಯೆಯನ್ನು ಮಾತ್ರ ಕಲಿಯಬೇಕು.

ಮಕ್ಕಳ ಮುಂದಿರುವ ದಾರಿಗಳು

ನಮ್ಮ ಹುಡುಗ ಹುಡುಗಿಯರಿಗೆ ಈ ವಿದ್ಯೆಯಲ್ಲಿ ಹಲವು ದಾರಿಗಳಿವೆ. ರಾಜ್ಯ ಇಲಾಖೆಯ ಅಗ್ನಿಶಾಮಕ, ಚಾಲಕ, ಠಾಣಾಧಿಕಾರಿ ಹುದ್ದೆಗಳಿಗೆ ಲಿಖಿತ ಪರೀಕ್ಷೆಯ ಜೊತೆ ದೇಹದಾರ್ಢ್ಯ ಪರೀಕ್ಷೆಯೂ ಇರುತ್ತದೆ. ಓಟ, ಹಗ್ಗ ಹತ್ತುವುದು, ಈಜು ಇವನ್ನು ಅಧಿಸೂಚನೆ ಬಂದ ಮೇಲೆ ಶುರು ಮಾಡಿದರೆ ತಡವಾಯಿತು. ಹೈಸ್ಕೂಲಿನಿಂದಲೇ ಮೈ ಹದವಾಗಬೇಕು. ಪದವಿಯ ಕನಸಿದ್ದವರಿಗೆ ನಾಗಪುರವಿದೆ.

ನಮ್ಮ ಜಿಲ್ಲೆಯಲ್ಲೇ, ದೇವನಹಳ್ಳಿಯಲ್ಲಿ, 2008ರ ಮೇ 24ರಂದು ತೆರೆದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ವಿಮಾನದ ಬೆಂಕಿಯ ವಿದ್ಯೆಯೇ ಬೇರೆ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕು, ಎರಡೇ ನಿಮಿಷ ಸಾಧ್ಯವಾದರೆ ಇನ್ನೂ ಒಳ್ಳೆಯದು ಎಂಬುದು ಅಂತಾರಾಷ್ಟ್ರೀಯ ನಿಯಮ. ಈ ವಿಶೇಷ ತರಬೇತಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ಕೇಂದ್ರಗಳು ದೆಹಲಿ ಮತ್ತು ಕೋಲ್ಕತ್ತಾದಲ್ಲಿವೆ.

ಸುರಕ್ಷತೆಯ ಡಿಪ್ಲೊಮಾ ಕೊಡುತ್ತೇವೆಂದು ಗೋಡೆಗಳ ಮೇಲೆ ಬರೆದಿರುವುದನ್ನು ನೋಡಿ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಪ್ರಮಾಣಪತ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ? ನೀರು, ಹೊಗೆ, ಏಣಿ, ಬಿ.ಎ. ಸೆಟ್ಟುಗಳೊಂದಿಗೆ ಅಂಗಳದಲ್ಲಿ ಕಲಿಸುತ್ತಾರೆಯೇ? ಕೊಠಡಿಯಲ್ಲಿ ಕೂತು ಈಜು ಕಲಿತವನುಂಟೇ?

ಅಗ್ನಿಶಾಮಕ ನೌಕರಿಯೇ ಬೇಡ ಎನ್ನುವವರಿಗೂ ಈ ವಿದ್ಯೆಯ ಒಂದು ಪಾಲು ಬೇಕು. ಕಾರ್ಖಾನೆಯ ಪ್ರತಿಯೊಬ್ಬ ಕೆಲಸಗಾರನಿಗೂ ಪಾರಾಗುವ ದಾರಿ ಗೊತ್ತಿರಬೇಕು, ಆ ಹೊತ್ತಿನಲ್ಲಿ ಏನು ಮಾಡಬೇಕೆಂಬ ತರಬೇತಿ ಸಿಕ್ಕಿರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 38ನೇ ಕಲಮೇ ಹೇಳಿತ್ತು. ಠಾಣೆ ಎಷ್ಟೇ ಹತ್ತಿರವಿದ್ದರೂ ಮೊದಲ ಐದು ನಿಮಿಷ ಸ್ಥಳದಲ್ಲಿ ಇರುವವರದು. ಆ ಐದು ನಿಮಿಷದಲ್ಲಿ ಆರಿಸುವ ಸಿಲಿಂಡರಿನ ಪಿನ್ ಕಿತ್ತು ಜ್ವಾಲೆಯ ಬುಡಕ್ಕೆ ಹಿಡಿಯಬಲ್ಲ ಒಬ್ಬನಿದ್ದರೆ ಜಲವಾಹನ ಬರುವ ಹೊತ್ತಿಗೆ ಕೆಲಸ ಅರ್ಧ ಮುಗಿದಿರುತ್ತದೆ. ಕರೆ ಮಾಡಬೇಕಾದ ಸಂಖ್ಯೆ 101 ಅಥವಾ 112. ಕರೆ ಮಾಡುವವರು ಜಾಗದ ಗುರುತಿನ ಜೊತೆ ಉರಿಯುತ್ತಿರುವುದು ಏನೆಂದೂ ಹೇಳಬೇಕು.

ಈ ಲೇಖನವನ್ನು ಓದುವ ಹಿರಿಯರಲ್ಲಿ, ಪಂಚಾಯಿತಿಯವರಲ್ಲಿ, ಕಾರ್ಖಾನೆಯವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಏಪ್ರಿಲ್ 14ರಂದು ನಮ್ಮ ಹೋಬಳಿಯ ಒಂದು ಶಾಲಾ ಮೈದಾನಕ್ಕೆ ಅಗ್ನಿಶಾಮಕ ದಳದವರನ್ನು ಕರೆಸೋಣ. ರಜೆಯಲ್ಲಿರುವ ಮಕ್ಕಳನ್ನೂ, ಪಾಳಿ ಮುಗಿಸಿದ ಕೆಲಸಗಾರರನ್ನೂ, ಮನೆಯ ಹೆಂಗಸರನ್ನೂ ಸೇರಿಸೋಣ. ಭಾಷಣ ಬೇಡ. ಹೋಸ್ ಹಿಡಿಯಲಿ, ಎಣ್ಣೆಯ ಬೆಂಕಿಗೆ ನೆನೆಸಿ ಹಿಂಡಿದ ಬಟ್ಟೆ ಹೊದಿಸಲಿ, ಟ್ಯಾಂಕರಿನ ಫಲಕ ಓದಲಿ, ನೆಲದ ಮಟ್ಟದಲ್ಲಿ ತೆವಳಿ ಹೊಗೆಯಿಂದ ಹೊರಬರಲಿ. ಬಣವೆ ಉರಿದ ಆ ಸಂಜೆ ಬಾವಿಯ ಬಳಿ ಸಾಲು ನಿಂತವರಿಗೆ ಯಾರ ಕೈಯಿಂದ ಬಿಂದಿಗೆ ತೆಗೆದುಕೊಂಡು ಯಾರ ಕೈಗೆ ಕೊಡಬೇಕು ಎಂಬುದು ಕೇಳದೆಯೇ ಗೊತ್ತಿತ್ತು. ಆ ಬಾವಿ ಈಗ ಬತ್ತಿದೆ. ಆ ಸಾಲನ್ನು ಮತ್ತೆ ನಿಲ್ಲಿಸುವುದು ನಮ್ಮ ಕೈಯಲ್ಲಿದೆ.