ನಾಲ್ಕು ಕೀಲಿಗಳ ‘ಅಕ್ಕ’

“ಒಂದೇ ಹಾದಿ ಹಿಡಿ, ಅತ್ತಿತ್ತ ನೋಡಬೇಡ” ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದವಳು ನಾನು. ಕೆ.ಪಿ. ರಾವ್ ಅವರ ಬದುಕು ತಿಳಿದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ.

1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಅವರಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಮನಸ್ಸು ಸಿಂಧೂ ಲಿಪಿಯ ಮೇಲೆ. ಮುಂದೆ ಮುದ್ರಣದ ಅಕ್ಷರಗಳತ್ತ ಹೊರಳಿದರು. ನೋಡುವವರಿಗೆ ದಾರಿ ತಪ್ಪಿದಂತೆಯೇ!

ಆದರೆ ಕಂಪ್ಯೂಟರಿಗೆ ಕನ್ನಡ ಕಲಿಸುವಾಗ ಆ ತಿರುಗಾಟವೆಲ್ಲ ಒದಗಿತು. ಗುಣಿತ, ಒತ್ತು ಸೇರಿದರೆ ನಮ್ಮ ಅಕ್ಷರಗಳಿಗೆ ನೂರಾರು ರೂಪ. ಇಂಗ್ಲಿಷ್ ಅಕ್ಷರದ ಕೀಲಿಗಳೋ 26. ಅವರು ರೂಪವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಿದರೆ ಸಾಕು. ಎಫ್ ಒತ್ತಕ್ಷರ ಕೂಡಿಸುತ್ತದೆ. ಆಕಾರದ ಚಿಂತೆ ಯಂತ್ರದ್ದು. ಆ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ‘ನುಡಿ’ಯ ಕೀಲಿಮಣೆಗೂ ಅದೇ ಬುನಾದಿ. 2013ರಲ್ಲಿ ನಾಡೋಜ ಗೌರವ ಬಂತು. ಇಳಿವಯಸ್ಸಿನಲ್ಲಿ ‘ವರ್ಣಕ’ ಕಾದಂಬರಿಯನ್ನೂ ಬರೆದರು.

ಸ್ಟೆನ್ಸಿಲ್ ಹಾಳೆಯ ಮೇಲೆ ಪ್ರಶ್ನೆಪತ್ರಿಕೆ ಗೀಚಿ ಗೀಚಿ ಬೆರಳು ನೋಯಿಸಿಕೊಂಡವಳಿಗೆ ಆ ನಾಲ್ಕು ಕೀಲಿಗಳ ಬೆಲೆ ಗೊತ್ತು. ಲೆಕ್ಕದ ಪುಸ್ತಕದಲ್ಲಿ ರಂಗೋಲಿ ಬಿಡಿಸುವ ಹುಡುಗಿಯನ್ನು ಈಗ ನಾನು ಗದರುವುದಿಲ್ಲ.