ತೊಗಲು ನುಡಿಯುವ ಬಗೆ
(ರೋಣ-ನರಗುಂದ-ಗಜೇಂದ್ರಗಡ ಸೀಮೆಯ ಚರ್ಮವಾದ್ಯಗಳ ಇತಿಹಾಸವನ್ನು ಕುರಿತು)



ಮಠದ ಜಾತ್ರೆಯ ದಿನ ಉತ್ಸವ ಹೊರಡುವ ಮುನ್ನಿನ ಗಳಿಗೆಯನ್ನು ತಾವು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಪಲ್ಲಕ್ಕಿ ಸಿದ್ಧವಾಗಿರುತ್ತದೆ, ನಂದಿಕೋಲಿನವರು ಬಂದು ನಿಂತಿರುತ್ತಾರೆ. ಆದರೆ ಹಲಗೆಯವರು ಮಾತ್ರ ಅಂಗಳದ ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ, ಹಲಗೆಯ ಮುಖವನ್ನು ಉರಿಗೆ ತೋರಿಸುತ್ತ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿರುತ್ತಾರೆ. ಹಿರಿಯರೊಬ್ಬರು “ಇನ್ನ ಎಷ್ಟೊತ್ತಪಾ?” ಎಂದು ಅವಸರಪಡಿಸುತ್ತಾರೆ. “ತಡೀರಿ ಯಜಮಾನ್ರ, ತೊಗಲು ಇನ್ನೂ ಮಾತಾಡವಲ್ದು” ಎಂಬ ಉತ್ತರ ಬರುತ್ತದೆ. ಬಾಲ್ಯದಲ್ಲಿ ಈ ಮಾತನ್ನು ಕೇಳಿ ನಾವು ನಕ್ಕದ್ದುಂಟು. ಅದರೊಳಗೆ ಒಂದು ಶಾಸ್ತ್ರವೇ ಅಡಗಿದೆಯೆಂಬುದು ತಿಳಿದದ್ದು ಬಹಳ ತಡವಾಗಿ.

ನಮ್ಮ ಸೀಮೆಯ ಸಂಗೀತದ ಇತಿಹಾಸವನ್ನು ಬರೆದವರು ಗವಾಯಿಗಳನ್ನು ಕುರಿತು ಬರೆದಿದ್ದಾರೆ, ಆಶ್ರಯವಿತ್ತ ಮಠಗಳನ್ನು ಕುರಿತು ಬರೆದಿದ್ದಾರೆ. ಅವರು ನುಡಿಸಿದ ವಾದ್ಯದ ಮುಖಕ್ಕೆ ಯಾವ ಚರ್ಮ, ಅದನ್ನು ಆರಿಸಿದವರು ಯಾರು, ಏಕೆ ಅದನ್ನೇ ಆರಿಸಿದರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತೆ ಕಾಣುವುದಿಲ್ಲ. ನಾದವು ಮೊದಲು ನಿರ್ಧಾರವಾಗುವುದು ವಾದಕನ ಕೈಯಲ್ಲಲ್ಲ, ತೊಗಲನ್ನು ಹದಗೊಳಿಸುವವನ ಕೈಯಲ್ಲಿ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇದು ಬಹು ಪ್ರಾಚೀನವಾದ ವಿದ್ಯೆ. ಭರತಮುನಿಯ ನಾಟ್ಯಶಾಸ್ತ್ರವು ಚರ್ಮವಾದ್ಯಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಚರ್ಮದ ದೋಷಗಳನ್ನು ಎಣಿಸಿ ಹೇಳಿದೆ. ಅದು ಹಳತಾಗಿರಬಾರದು, ಹರಿದಿರಬಾರದು, ಕಾಗೆ ಕುಕ್ಕಿರಬಾರದು, ಕೊಬ್ಬು ಉಳಿದಿರಬಾರದು, ಹೊಗೆಯಿಂದಾಗಲಿ ಬೆಂಕಿಯಿಂದಾಗಲಿ ಕೆಟ್ಟಿರಬಾರದು. ವಾದ್ಯದ ಮುಖಕ್ಕೆ ಮೆತ್ತುವ ಲೇಪಕ್ಕೆ ನದೀತೀರದ ಕಪ್ಪು ಮಣ್ಣು ಶ್ರೇಷ್ಠ. ಅದು ದೊರೆಯದಿದ್ದರೆ ಗೋಧಿಯ ಅಥವಾ ಜವೆಯ ಹಿಟ್ಟು ಎಂಬುದೂ ಅಲ್ಲಿದೆ. ಗ್ರಂಥ ಬರೆದವರು ತೊಗಲು ಬಿಡಿಸುವವರ ಮಗ್ಗುಲಲ್ಲಿ ಕುಳಿತು ಕೇಳದೆ ಕಾಗೆಯ ಕೊಕ್ಕಿನ ಗುರುತಿನವರೆಗೆ ಇಷ್ಟು ಖಚಿತವಾಗಿ ಬರೆಯಲು ಸಾಧ್ಯವಿತ್ತೆ? ನರಗುಂದ-ರೋಣಗಳಿಂದ ದೂರವಲ್ಲದ ಬಾದಾಮಿಯ ಮೊದಲನೆಯ ಗುಹೆಯಲ್ಲಿ, 6ನೆಯ ಶತಮಾನದ ಶಿಲ್ಪಿ ಹದಿನೆಂಟು ತೋಳಿನ ನಟರಾಜನನ್ನು ಕೆತ್ತುವಾಗ ಪಕ್ಕದಲ್ಲಿ ಮದ್ದಳೆ ನುಡಿಸುವವನನ್ನೂ ಮರೆಯದೆ ಕೆತ್ತಿದ್ದಾನೆ. ಶಿವನ ನಾಟ್ಯಕ್ಕೂ ತೊಗಲಿನ ನೆರವು ಬೇಕಾಯಿತು.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಪರಿಚಿತವಾದುದು. ಮಹಾಮಂಡಳೇಶ್ವರರು ಐದು ಮಹಾವಾದ್ಯಗಳ ಗೌರವವನ್ನು ಪಡೆದವರೆಂದು ಅದರ ಅರ್ಥ. ಆ ಐದು ಯಾವುವು ಎಂಬುದನ್ನು ವಿದ್ವಾಂಸರಿಗೆ ತಿಳಿಸಿಕೊಟ್ಟದ್ದು ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಐದರಲ್ಲಿ ಎರಡು ಚರ್ಮವಾದ್ಯಗಳು. ಮಂಡಳೇಶ್ವರರ ಹೆಸರು ಕಲ್ಲಿನಲ್ಲಿ ನಿಂತಿತು. ಅವರ ಭೇರಿಗೆ ತೊಗಲು ಬಿಗಿದವನ ಹೆಸರು ನಿಲ್ಲಲಿಲ್ಲ.

ಆ ಹೆಸರುಗಳು ಮೊದಲು ಗೌರವದಿಂದ ಕೇಳಿಬಂದದ್ದು 12ನೆಯ ಶತಮಾನದ ಕಲ್ಯಾಣದಲ್ಲಿ. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರೂ, ಡಕ್ಕೆ ಬಾರಿಸುವ ಕಾಯಕದ ಡಕ್ಕೆಯ ಬೊಮ್ಮಣ್ಣನವರೂ ಅನುಭವ ಮಂಟಪದ ಶರಣರು, ವಚನಕಾರರು. ಒಬ್ಬರು ತೊಗಲನ್ನು ಸಿದ್ಧಗೊಳಿಸುವ ಕುಲದಿಂದ, ಮತ್ತೊಬ್ಬರು ಅದನ್ನು ನುಡಿಸುವ ವೃತ್ತಿಯಿಂದ ಬಂದವರು. ಇವರಿಬ್ಬರನ್ನು ಒಟ್ಟಿಗೆ ನೆನೆಯುವ ರೂಢಿ ನಮ್ಮಲ್ಲಿಲ್ಲ, ನೆನೆಯಬೇಕಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಪಾದರಕ್ಷೆಯ ಚರ್ಮ ಬೇರೆ, ವಾದ್ಯದ ಚರ್ಮ ಬೇರೆ. ಪಾದರಕ್ಷೆಗೆ ಬೇಕಾದ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿಯಂಥ ಗಿಡಗಳ ತೊಗಟೆಯ ಕಷಾಯದಲ್ಲಿ ದಿನಗಟ್ಟಲೆ ಇಟ್ಟು ಹದಗೊಳಿಸುತ್ತಾರೆ. ಆಗ ಅದು ಮೆದುವಾಗುತ್ತದೆ, ಮಡಿಚಿದರೆ ಮಡಿಚಿಕೊಳ್ಳುತ್ತದೆ, ಬೇಗ ಕೊಳೆಯುವುದಿಲ್ಲ. ಆದರೆ ಅಂಥ ತೊಗಲನ್ನು ವಾದ್ಯಕ್ಕೆ ಹೊದಿಸಿ ಬಾರಿಸಿ ನೋಡಿರಿ, ಗೋಣಿಚೀಲ ಬಡಿದಂತಾಗುತ್ತದೆ. ವಾದ್ಯದ ತೊಗಲಿಗೆ ತೊಗಟೆಯ ರಸ ತಾಗಕೂಡದು. ಕೂದಲು, ಮಾಂಸ, ಕೊಬ್ಬುಗಳನ್ನು ಹೆರೆದು, ನೆನೆಸಿ, ಎಳೆದು ಕಟ್ಟಿ ಒಣಗಿಸಿದ ಹಸಿದೊಗಲೇ ಅದಕ್ಕೆ ತಕ್ಕುದು. ಬಿಗಿದು ಒಣಗಿದಾಗ ಅದು ಹಲಗೆಯಷ್ಟು ಗಡುಸಾಗಿ ಕಂಪಿಸುತ್ತದೆ. ಆದರೆ ಗಾಳಿಯ ತೇವವನ್ನೂ ಹೀರಿಕೊಂಡು ಸಡಿಲವಾಗುತ್ತದೆ. ಹಲಗೆಯವರು ಬೆಂಕಿಗೆ ಹಿಡಿಯುವುದು ಆ ತೇವವನ್ನು ಓಡಿಸಲೆಂದೇ.

ಇನ್ನು ನಮ್ಮ ಭಾಗದ ವಾದ್ಯಗಳನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಎರೆನೆಲ ಇದು. ಗಜೇಂದ್ರಗಡದ ಗುಡ್ಡಗಳ ಸುತ್ತ ಕುರಿ-ಆಡುಗಳ ಹಿಂಡು ಇಂದಿಗೂ ಸಾಮಾನ್ಯ ನೋಟ. ಹಾಲುಮತದವರ ಡೊಳ್ಳಿನ ಒಂದು ಮುಖಕ್ಕೆ ಆಡಿನ ತೊಗಲು, ಇನ್ನೊಂದಕ್ಕೆ ಕುರಿಯ ತೊಗಲು. ಒಂದೇ ಹಿಂಡಿನ ಎರಡು ಪ್ರಾಣಿಗಳಾದರೂ ಅವುಗಳ ದನಿ ಒಂದಲ್ಲ. ಆಡಿನ ತೊಗಲು ಬಿಗಿಯಾದ ಎಳೆಯದು, ಏಟಿಗೆ ಚುರುಕಾಗಿ ಒದಗುತ್ತದೆ. ಕುರಿಯದು ಸಡಿಲ, ಜಿಡ್ಡಿನಂಶ ಹೆಚ್ಚು, ಆದುದರಿಂದ ತಗ್ಗಿದ ಮೆತ್ತನೆಯ ದನಿ. ಕುಣಿತಕ್ಕೆ ಎರಡೂ ಬೇಕು. ದೂರಕ್ಕೆ ಕೇಳಿಸಬೇಕಾದ ನಗಾರಿಗೆ ಎಮ್ಮೆ-ಕೋಣಗಳ ದಪ್ಪ ಚರ್ಮವನ್ನು ಬಿಗಿಯುತ್ತಾರೆ. ತೆಳುವಾದ ಚರ್ಮ ಆ ದೊಡ್ಡ ಬಾಯಿಯ ಮೇಲೆ ಕೋಲಿನ ಏಟಿಗೆ ಎಷ್ಟು ದಿನ ತಾಳೀತು? ನರಗುಂದ, ಗಜೇಂದ್ರಗಡಗಳು ಎರಡೂ ಕೋಟೆಯ ಊರುಗಳಾದುದರಿಂದ ಈ ನಾದದ ಬೆಲೆ ಇಲ್ಲಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆಯ್ಕೆಯ ವಿದ್ಯೆ ತನ್ನ ಶಿಖರವನ್ನು ಮುಟ್ಟುವುದು ತಬಲಾದಲ್ಲಿ. ತಬಲಾದವರು ‘ಪುಡಿ’ ಎನ್ನುವ, ಕರಾವಳಿಯ ಮದ್ದಳೆಗಾರರು ‘ಮುಚ್ಚಿಗೆ’ ಎನ್ನುವ ಹೊದಿಕೆ ಒಂದೇ ತೊಗಲಿನದಲ್ಲ. ಕೆಳಗೆ ಇಡಿಯ ಮುಖವನ್ನು ಮುಚ್ಚುವ ಆಡಿನ ತೊಗಲು. ಅದರ ಮೇಲೆ ಅಂಚಿಗಷ್ಟೇ ಉಂಗುರದಂಥ ಇನ್ನೊಂದು. ಎರಡನ್ನೂ ಹಿಡಿದಿಡುವ ಹೆಣಿಗೆ, ಅಂದರೆ ಗಜರೆ. ಅದರೊಳಗಿಂದ ಹಾಯ್ದ ಚರ್ಮದ ಬಾರುಗಳು ಮುಖವನ್ನು ಹದಿನಾರು ‘ಮನೆ’ಗಳಾಗಿ ವಿಭಾಗಿಸುತ್ತವೆ. ಬಾಯಿ ಕಿರಿದಾದಷ್ಟು ಸ್ವರ ಏರುತ್ತದೆ, ಅಗಲವಾದಷ್ಟು ಇಳಿಯುತ್ತದೆ. ಆದುದರಿಂದ ಗಾಯಕರ ಷಡ್ಜವನ್ನು ತಿಳಿಯದೆ ಪುಡಿಯನ್ನು ಕೊಳ್ಳುವುದು, ಕಾಲಿನ ಅಳತೆ ತಿಳಿಯದೆ ಮೆಟ್ಟು ಕೊಂಡಂತೆ. ಎಡಗೈಯ ಡಗ್ಗಾಕ್ಕೆ ಹೆಚ್ಚು ದಪ್ಪದ ತೊಗಲು ಬೇಕು, ಅಂಗೈ ಒತ್ತಿದಾಗ ಅದು ಬಾಗಿ ಗುಂಯ್‌ಗುಡಬೇಕಲ್ಲವೆ?

ನಡುವಿನ ಕಪ್ಪು ಶಾಯಿಯ ವಿಷಯ ಇನ್ನೂ ಕುತೂಹಲಕರ. ಕಬ್ಬಿಣದ ಪುಡಿ, ಅನ್ನದ ಗಂಜಿಯಂಥ ಅಂಟು, ಮಸಿ ಇವುಗಳ ಕಣಕವನ್ನು ಪದರುಪದರಾಗಿ ಹಚ್ಚಿ, ಪ್ರತಿಯೊಂದು ಪದರನ್ನೂ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಉಜ್ಜುವಾಗ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಅವು ದೋಷವಲ್ಲ, ಆ ಬಿರುಕುಗಳಿಲ್ಲದಿದ್ದರೆ ಶಾಯಿ ಗಟ್ಟಿಬಿಲ್ಲೆಯಾಗಿ ತೊಗಲನ್ನು ಕಂಪಿಸಗೊಡದು. ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ವಿಸ್ತಾರವಾದ ಪ್ರಬಂಧದಲ್ಲಿಯೂ ಇದರ ಮರ್ಮವನ್ನು ತಿಳಿಸಿದರು. ಬರಿಯ ತೊಗಲು ಕಂಪಿಸಿದಾಗ ಹೊರಡುವ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಅದಕ್ಕೇ ಹಲಗೆಗೆ ತಾಳವುಂಟು, ಶ್ರುತಿಯಿಲ್ಲ. ನಡುವೆ ಶಾಯಿಯ ಭಾರ ಬಿದ್ದಾಗ ಆ ಉಪಸ್ವರಗಳು ತಂತಿವಾದ್ಯದಲ್ಲಿರುವಂತೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಎಂಬ ಕ್ರಮಕ್ಕೆ ಬರುತ್ತವೆ. ಗಣಿತವನ್ನರಿಯದ ಕೈಗಳು ಶತಮಾನಗಳ ಹಿಂದೆಯೇ ಈ ಲೆಕ್ಕವನ್ನು ಬಿಡಿಸಿದ್ದವು.

ರೋಣವು ಪಂಡಿತ ಭೀಮಸೇನ ಜೋಶಿಯವರ ಜನ್ಮಸ್ಥಳ. ಅವರು ಹುಟ್ಟಿದ್ದು 1922ರಲ್ಲಿ. ಹತ್ತಿರದ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನಂತೂ ಈ ಪತ್ರಿಕೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ದೃಷ್ಟಿಹೀನರು. ಅಸಂಖ್ಯ ಅಂಧ ಬಾಲಕರಿಗೆ ನಾದದ ಕಣ್ಣನ್ನಿತ್ತವರು. ಪುಟ್ಟರಾಜರು ಹಾರ್ಮೋನಿಯಂ, ಸಾರಂಗಿ, ತಬಲಾ ಮೊದಲಾದ ಹಲವು ವಾದ್ಯಗಳಲ್ಲಿ ಪರಿಣತರು. ತೊಗಲಿನ ಬಣ್ಣಕ್ಕೆ, ಶಾಯಿಯ ಹೊಳಪಿಗೆ ಮರುಳಾಗುವವರು ಕಣ್ಣುಳ್ಳ ನಾವು. ಕಣ್ಣಿಲ್ಲದವರು ಬೆರಳಿನಿಂದಲೂ ಕಿವಿಯಿಂದಲೂ ಮಾತ್ರ ಆರಿಸುತ್ತಾರೆ, ಮತ್ತು ಅವೆರಡೇ ಇಲ್ಲಿ ಬೇಕಾದ ಇಂದ್ರಿಯಗಳು.

ನಮ್ಮ ಕಡೆ ಶ್ರಾವಣದ ಪುರಾಣಕ್ಕೆ ಪೇಟಿ-ತಬಲಾ ಬೇಕೇಬೇಕು. ಶ್ರಾವಣವೆಂದರೆ ತೇವದ ಗಾಳಿ. ಕೆಲವು ವರ್ಷಗಳ ಹಿಂದೆ ನಮ್ಮ ಭಜನಾ ಸಂಘದವರು ಅಗ್ಗವೆಂದು, ನೋಡಲು ಥಳಥಳಿಸುತ್ತಿದ್ದ ಪುಡಿಯೊಂದನ್ನು ಹಾಕಿಸಿದರು. ಆಯ್ಕೆಮಾಡಿದವರಲ್ಲಿ ಈ ಲೇಖಕನೂ ಒಬ್ಬ. ಮೊದಲ ವಾರವೇ ಸ್ವರ ಜಾರತೊಡಗಿತು. ಮೂರನೆಯ ವಾರ ಶಾಯಿ ಬಿಲ್ಲೆಬಿಲ್ಲೆಯಾಗಿ ಎದ್ದಿತು. ಹಳೆಯ ಪುಡಿಗಳನ್ನು ಮಾಡಿಕೊಡುತ್ತಿದ್ದ ವೃದ್ಧರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದು ಪಟ್ಟಣ ಸೇರಿದ್ದರು. ಅವರನ್ನು ತಪ್ಪೆನ್ನುವುದು ಹೇಗೆ? ತಾವು ಮಾಡಿದ ವಾದ್ಯ ಗರ್ಭಗುಡಿಯ ಎದುರು ನುಡಿಯುತ್ತಿದ್ದಾಗ ಅವರ ತಂದೆಯನ್ನು ಕಟ್ಟೆಯ ಕೆಳಗೇ ನಿಲ್ಲಿಸಿದವರು ನಾವು. ಕಕ್ಕಯ್ಯನವರ ಹೆಸರನ್ನು ಪುರಾಣದಲ್ಲಿ ಕೇಳುತ್ತಲೇ ಹಾಗೆ ಮಾಡಿದೆವು.

ಪಾಶ್ಚಾತ್ಯ ದೇಶಗಳಲ್ಲಿ ಪಾಲಿಯೆಸ್ಟರ್ ಹಾಳೆಯ ಮುಖಗಳು ಪ್ರಚಾರಕ್ಕೆ ಬಂದದ್ದು 1950ರ ದಶಕದಲ್ಲಿ. ಅಮೆರಿಕದ ವಾದಕ ರೆಮೊ ಬೆಲ್ಲಿ 1957ರಲ್ಲಿ ಅದಕ್ಕಾಗಿ ಉದ್ಯಮವನ್ನೇ ತೆರೆದರು. ಈಗ ನಮ್ಮಲ್ಲಿಯೂ ಹೋಳಿಹುಣ್ಣಿಮೆಗೆ ಫೈಬರ್ ಹಲಗೆಗಳು ಬಂದಿವೆ. ಮಳೆಗೆ ಸಡಿಲಾಗವು, ಬೆಂಕಿ ಬೇಡ, ಬೆಲೆಯೂ ಕಡಿಮೆ. ಬೀದಿಯಲ್ಲಿ ಹುಡುಗರು ಬಾರಿಸುವುದಕ್ಕೆ ಅವು ಇರಲಿ, ನನ್ನ ಆಕ್ಷೇಪವಿಲ್ಲ. ಅದರ ದನಿ ಚಟಚಟನೆ ಸಿಡಿದು ಅಲ್ಲಿಯೇ ಸಾಯುತ್ತದೆ. ಹಲಗೆಯ ಆ ಕಾದ ಗುಡುಗು ಅದರಲ್ಲಿಲ್ಲ. ಮಠದ ಉತ್ಸವಕ್ಕೂ ಪುರಾಣದ ತಬಲಾಕ್ಕೂ ತೊಗಲೇ ಬೇಕೆಂದು ನನ್ನ ಅಭಿಪ್ರಾಯ.

ಈ ಶ್ರಾವಣಕ್ಕೆ ಹೊಸ ಪುಡಿ ಹಾಕಿಸುವವರಿದ್ದರೆ ತಾವು ಇಷ್ಟು ಮಾಡಿರಿ. ಮಳೆಗಾಲ ಹಿಡಿಯುವ ಮೊದಲೇ ಹೋಗಿರಿ. ಗಾಯಕರನ್ನು ಜೊತೆಗೆ ಕರೆದೊಯ್ದು ಅವರ ಷಡ್ಜವನ್ನು ಮಾಡುವವರಿಗೆ ಕೇಳಿಸಿರಿ. ಬಿಗಿಯುವ ಮುನ್ನ ತೊಗಲನ್ನು ಬೆಳಕಿಗೆ ಹಿಡಿದು ಎಲ್ಲ ಕಡೆ ಒಂದೇ ದಪ್ಪವಿದೆಯೇ, ಗಾಯದ ಕಲೆಗಳಿವೆಯೇ ನೋಡಿರಿ. ಬಿಗಿದ ಮೇಲೆ ಕಣ್ಣು ಮುಚ್ಚಿ, ಅಂಚಿನ ಸುತ್ತ ಒಂದೊಂದು ಮನೆಯನ್ನೂ ತಟ್ಟಿ ಕೇಳಿರಿ. ಹದಿನಾರೂ ಒಂದೇ ಸ್ವರ ನುಡಿದ ಮೇಲೆ, ಅವರು ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟು ಬನ್ನಿರಿ.