ಅಡೋಬಿ–ಆ್ಯಪಲ್ ಪೈಪೋಟಿ

ಅಕ್ಷರ, ಚಿತ್ರ, ವಿಡಿಯೊ ಕೆಲಸಗಳ ತಂತ್ರಾಂಶ ತಯಾರಿಸುವ ಅಡೋಬಿಗೂ ಆ ತಂತ್ರಾಂಶ ಓಡುವ ಕಂಪ್ಯೂಟರ್ ಕಟ್ಟುವ ಆ್ಯಪಲ್‌ಗೂ 1980ರ ದಶಕದ ಕೊನೆಯಿಂದ ನಡೆದುಬಂದ ತಿಕ್ಕಾಟ. ಇದನ್ನು ಆ್ಯಪಲ್ ಸಹಸ್ಥಾಪಕ ಸ್ಟೀವ್ ಜಾಬ್ಸ್ ಅವರ ಸಿಟ್ಟಿನ ಕಥೆಯಾಗಿ ಹೇಳುವುದು ರೂಢಿ. ಆದರೆ ಮೊದಲ ದೊಡ್ಡ ಬಿರುಕು ಬಿಟ್ಟ 1989ರಲ್ಲಿ ಜಾಬ್ಸ್ ಆ್ಯಪಲ್‌ನಲ್ಲಿ ಇರಲೇ ಇಲ್ಲ, 1985ರಲ್ಲೇ ಹೊರಬಿದ್ದಿದ್ದರು. ಕಂಪ್ಯೂಟರಿಗೂ ತಂತ್ರಾಂಶಕ್ಕೂ ನಡುವೆ ಇರುವ ಪದರ ಯಾರ ಹಿಡಿತದಲ್ಲಿರಬೇಕು ಎಂಬ ಪ್ರಶ್ನೆಯಲ್ಲೇ ಜಗಳದ ಬೇರನ್ನು ಹುಡುಕಬೇಕು.

ಜೆರಾಕ್ಸ್‌ನ ಸಂಶೋಧನಾಲಯದಿಂದ ಹೊರಬಂದ ಜಾನ್ ವಾರ್ನಾಕ್, ಚಾರ್ಲ್ಸ್ ಗೆಶ್ಕಿ 1982ರಲ್ಲಿ ಅಡೋಬಿ ಕಟ್ಟಿದರು. ಪುಟದಲ್ಲಿ ಯಾವ ಅಕ್ಷರ ಎಲ್ಲಿ, ಎಷ್ಟು ದೊಡ್ಡದಾಗಿ ಮೂಡಬೇಕೆಂದು ಪ್ರಿಂಟರಿಗೆ ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅವರ ಸರಕು. ಆ್ಯಪಲ್ ಅಡೋಬಿಯಲ್ಲಿ ಪಾಲು ಕೊಂಡು, 1985ರಲ್ಲಿ ಆ ಭಾಷೆ ಬಲ್ಲ ಲೇಸರ್‌ರೈಟರ್ ಪ್ರಿಂಟರನ್ನು 6,995 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಆಲ್ಡಸ್‌ನ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ ಜೊತೆಗೂಡಿದ್ದೇ ತಡ, ಡಿಟಿಪಿ ಉದ್ಯಮ ಹುಟ್ಟಿಕೊಂಡಿತು. ಆದರೆ ಪೋಸ್ಟ್‌ಸ್ಕ್ರಿಪ್ಟ್‌ಗೆ ಆ್ಯಪಲ್ ರಾಯಧನ ತೆರಬೇಕಿತ್ತು. ತನ್ನ ಟೈಪ್ 1 ಫಾಂಟುಗಳ ಒಳಗುಟ್ಟನ್ನು ಅಡೋಬಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1989ರಲ್ಲಿ ಆ್ಯಪಲ್ ತನ್ನ ಪಾಲನ್ನು ಮಾರಿ, ಬದ್ಧ ಎದುರಾಳಿ ಮೈಕ್ರೊಸಾಫ್ಟ್ ಜೊತೆಗೇ ಕೈಜೋಡಿಸಿ ಟ್ರೂಟೈಪ್ ಫಾಂಟುಗಳ ಯೋಜನೆ ಪ್ರಕಟಿಸಿತು. ಮರುವರ್ಷ ಅಡೋಬಿ ಟೈಪ್ 1ರ ವಿವರಗಳನ್ನು ಬಯಲು ಮಾಡದೆ ಗತಿಯಿರಲಿಲ್ಲ. ಅದೇ ಕಾಲಕ್ಕೆ ಅತ್ತ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪ್ಯೂಟರಿನ ಪರದೆಗೆ ಅಡೋಬಿಯ ಡಿಸ್‌ಪ್ಲೇ ಪೋಸ್ಟ್‌ಸ್ಕ್ರಿಪ್ಟನ್ನೇ ಅಳವಡಿಸಿಕೊಂಡಿದ್ದರು! ಆ್ಯಪಲ್ ನೆಕ್ಸ್ಟನ್ನು ಕೊಂಡು ಜಾಬ್ಸ್ ಮರಳಿದ ಮೇಲೆ, ಅದರ ತಂತ್ರಾಂಶ 2001ರಲ್ಲಿ ಮ್ಯಾಕ್ ಒಎಸ್ ಟೆನ್ ಆಗಿ ಬಂದಾಗ ಆ ಜಾಗದಲ್ಲಿ ಆ್ಯಪಲ್‌ನ ಸ್ವಂತ ಕ್ವಾರ್ಟ್ಸ್ ಕೂತಿತ್ತು. ಮನುಷ್ಯ ಅದೇ, ಸ್ಥಾನ ಬದಲಾಗಿತ್ತು.

ಒಡೆತನದ ಬಿಸಿ ಅಡೋಬಿಗೆ 2007ರಲ್ಲಿ ಮತ್ತೆ ತಟ್ಟಿತು. 1990ರಲ್ಲಿ ಮ್ಯಾಕ್‌ನಲ್ಲೇ ಹುಟ್ಟಿದ ಫೋಟೊಶಾಪ್ ಆಗ ಆ್ಯಪಲ್‌ನ ಕಾರ್ಬನ್ ಎಂಬ ವ್ಯವಸ್ಥೆಯ ಮೇಲೆ ನಿಂತಿತ್ತು. ಕಾರ್ಬನ್‌ಗೆ 64-ಬಿಟ್ ರೂಪ ಕೊಡುವುದಾಗಿ ಹೇಳಿದ್ದ ಆ್ಯಪಲ್ ಆ ವರ್ಷ ಅದನ್ನು ಕೈಬಿಟ್ಟಿತು. ಹೀಗಾಗಿ ಫೋಟೊಶಾಪಿನ 2008ರ ಆವೃತ್ತಿ ಸಿಎಸ್4 ವಿಂಡೋಸ್‌ನಲ್ಲಿ ಮಾತ್ರ 64-ಬಿಟ್ ಆಯಿತು. ಮ್ಯಾಕ್ ಬಳಕೆದಾರರು 2010ರ ಸಿಎಸ್5ವರೆಗೆ ಕಾದರು. ಅಡೋಬಿಯೇನೂ ಅಮಾಯಕ ಅಲ್ಲ: ಆ್ಯಪಲ್‌ನ ವಿಡಿಯೊ ಸಂಕಲನ ತಂತ್ರಾಂಶ ಫೈನಲ್ ಕಟ್ ಪ್ರೊ ಮೇಲುಗೈ ಸಾಧಿಸಿದ ಮೇಲೆ 2003ರಲ್ಲಿ ಅಡೋಬಿ ತನ್ನ ಅಂಥದೇ ತಂತ್ರಾಂಶ ಪ್ರೀಮಿಯರನ್ನು ಮ್ಯಾಕ್‌ನಿಂದ ಹಿಂತೆಗೆದು, 2007ರವರೆಗೆ ವಿಂಡೋಸ್‌ಗಷ್ಟೇ ಮಾರಿತ್ತು.

ಪದರದ ಹಿಡಿತವೇ ಜಗಳದ ಬೇರು ಎಂಬ ಈ ವಾದಕ್ಕೆ ಬಲವಾದ ಆಕ್ಷೇಪ, ವೆಬ್ ಪುಟಗಳಲ್ಲಿ ವಿಡಿಯೊ, ಆಟ ಓಡಿಸುತ್ತಿದ್ದ ಅಡೋಬಿಯ ಫ್ಲ್ಯಾಶ್ ಪ್ರಕರಣದಿಂದ ಬರುತ್ತದೆ. ಬ್ಯಾಟರಿ ಹೀರುತ್ತಿದ್ದ, ಭದ್ರತೆಯ ತೂತುಗಳಿದ್ದ ತಂತ್ರವನ್ನು ಐಫೋನ್‌ನಿಂದ ದೂರ ಇಟ್ಟದ್ದು ಬರೀ ತಾಂತ್ರಿಕ ವಿವೇಕ ಎನ್ನುವವರಿದ್ದಾರೆ. ದೋಷಗಳೇನೋ ನಿಜ, ಅಡೋಬಿ ತಾನೇ 2011ರಲ್ಲಿ ಮೊಬೈಲ್ ಫ್ಲ್ಯಾಶ್ ನಿಲ್ಲಿಸಿತು. ಆದರೆ ಏಪ್ರಿಲ್ 2010ರಲ್ಲಿ ಆ್ಯಪಲ್ ತಂದ ನಿಯಮವನ್ನು ನೋಡಬೇಕು. ಫ್ಲ್ಯಾಶ್ ಉಪಕರಣದಲ್ಲಿ ಬರೆದು ಐಫೋನಿನ ಸ್ವಂತ ಕೋಡಿಗೆ ಪರಿವರ್ತಿಸಿದ ಆ್ಯಪ್‌ಗಳನ್ನೂ ಅದು ನಿಷೇಧಿಸಿತು. ಅಂಥ ಆ್ಯಪ್‌ಗೆ ಬ್ರೌಸರಿನ ಫ್ಲ್ಯಾಶ್ ಪ್ಲಗಿನ್ ಬೇಕೇ ಇರಲಿಲ್ಲ. ಅದೇ ತಿಂಗಳ 29ರಂದು ಪ್ರಕಟಿಸಿದ ಬಹಿರಂಗ ಪತ್ರದಲ್ಲಿ ಜಾಬ್ಸ್ ಅತಿಮುಖ್ಯವೆಂದು ಕೊಟ್ಟ ಕಾರಣವೂ ಬ್ಯಾಟರಿ ಅಲ್ಲ, ವೇದಿಕೆಗೂ ಡೆವಲಪರನಿಗೂ ನಡುವೆ ಮೂರನೆಯವರ ಪದರ ಬಂದು ಕೂರುವುದು. ಸೆಪ್ಟೆಂಬರಿನಲ್ಲಿ ಆ ನಿಯಮ ಸಡಿಲವಾಯಿತು.

ಬಳಕೆದಾರನಿಗೆ ಈ ತಿಕ್ಕಾಟದಿಂದ ನಷ್ಟವೇ ಆಯಿತು ಎನ್ನುವುದೂ ಸರಿಯಲ್ಲ. ಬರಹ, ನುಡಿ ತಂತ್ರಾಂಶಗಳ ಕನ್ನಡ ಫಾಂಟುಗಳು ಮನೆಮನೆಯ ವಿಂಡೋಸ್ ಕಂಪ್ಯೂಟರಿಗೆ ಬಂದದ್ದು ಟ್ರೂಟೈಪ್ ರೂಪದಲ್ಲೇ. ಅತ್ತ ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇಂಡಿಸೈನ್ ಯುನಿಕೋಡ್ ಕನ್ನಡದ ಒತ್ತಕ್ಷರಗಳಿಗೆ ಅಧಿಕೃತ ಬೆಂಬಲ ಘೋಷಿಸುವಷ್ಟರಲ್ಲಿ 2012 ಆಗಿತ್ತು. ಈಚೆಗೆ ಅಡೋಬಿಯೇ ಒಡೆಯನ ಪಟ್ಟಕ್ಕೇರಿದೆ: 2013ರಲ್ಲಿ ಹೊಸ ಆವೃತ್ತಿಗಳನ್ನು ಡಬ್ಬಿಯಲ್ಲಿ ಮಾರುವುದು ಬಿಟ್ಟು ಚಂದಾ ಪದ್ಧತಿಗೆ ಇಳಿಯಿತು. ಬ್ರೌಸರಿನಲ್ಲೇ ಓಡುವ, ಮ್ಯಾಕ್–ವಿಂಡೋಸ್ ಭೇದವಿಲ್ಲದ ವಿನ್ಯಾಸ ತಂತ್ರಾಂಶ ಫಿಗ್ಮಾವನ್ನು 2022ರಲ್ಲಿ 2,000 ಕೋಟಿ ಡಾಲರಿಗೆ ಕೊಳ್ಳಹೊರಟಿತು. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ತಕರಾರಿನಿಂದ 2023ರ ಡಿಸೆಂಬರಿನಲ್ಲಿ ವ್ಯವಹಾರ ಮುರಿದುಬಿತ್ತು. ಅದಕ್ಕಾಗಿ ಫಿಗ್ಮಾಕ್ಕೆ ಅಡೋಬಿ 100 ಕೋಟಿ ಡಾಲರ್ ತೆತ್ತಿತು.